ಬಿಟ್ಟ ಮೀನು ಬದುಕೀತೇ?

ವರದಾ ಹೊಳೆಯಲ್ಲಿ ಟ್ರೌಟ್ ಇಲ್ಲ. ಧರ್ಮಾ, ಕುಮುದ್ವತಿಗಳಲ್ಲೂ ಇಲ್ಲ. ಅದು ತಣ್ಣೀರಿನ ಮೀನು. ದಕ್ಷಿಣದಲ್ಲಿ ಅದನ್ನು ಕಾಣಬೇಕೆಂದರೆ ನೀಲಗಿರಿಯ ಅವಲಾಂಚೆಗೋ ಮುನ್ನಾರಿನ ಬೆಟ್ಟದ ಹೊಳೆಗಳಿಗೋ ಹೋಗಬೇಕು; ಅಲ್ಲಿಗೂ ಅದನ್ನು ತಂದು ಬಿಟ್ಟವರು ಬ್ರಿಟಿಷರು. ಆದರೆ ಟ್ರೌಟ್ ಹಿಡಿಯುವವರ ಒಂದು ರೂಢಿ ಮೊಬೈಲ್ ವಿಡಿಯೊಗಳ ಬೆನ್ನು ಹತ್ತಿ ಹಾನಗಲ್ಲಿಗೂ ಸವಣೂರಿಗೂ ಬಂದಿದೆ. ಭಾನುವಾರ ವರದೆಯ ಬಾಂದಾರಗಳ ಮೇಲೆ ಕಾರ್ಬನ್ ಕೋಲು, ರೀಲು ಹಿಡಿದ ಹುಡುಗರು ನಿಂತಿರುತ್ತಾರೆ. ಮೀನು ಬಿದ್ದರೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡು, ಮುತ್ತು ಕೊಟ್ಟು, ನೀರಿಗೆ ಬಿಡುತ್ತಾರೆ. ಮೀನು ಬಾಲ ಬಡಿದು ಹೋಗುತ್ತದೆ. ನೋಡಿದವರಿಗೂ ಸಮಾಧಾನ, ಬಿಟ್ಟವರಿಗೂ ಸಮಾಧಾನ.

ದಂಡೆಯಲ್ಲಿ ಕೂತ ಹಿರಿಯರು ಇದನ್ನು ನೋಡಿ ಕೇಳುವ ಪ್ರಶ್ನೆ ಒಂದೇ: ‘ತಿನ್ನಂಗಿಲ್ಲ ಅಂದಮ್ಯಾಲೆ ಹಿಡಿಯೋದ್ಯಾಕ?’ ಇದನ್ನು ಹಳೆ ಕಾಲದವರ ಮಾತು ಎಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾನೂನು ಕೇಳುವುದೂ ಇದನ್ನೇ. ಸರಿಯಾದ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದು. ಬಿಡುವ ಉದ್ದೇಶದಿಂದಲೇ ಹಿಡಿಯುವುದು ಸರಿಯಾದ ಕಾರಣವಲ್ಲ ಎಂಬುದು ಅಲ್ಲಿನ ನಿಲುವು. ಸ್ವಿಟ್ಜರ್ಲೆಂಡಿನಲ್ಲೂ ಹಾಗೆಯೇ. ಇತ್ತ ಅಮೆರಿಕ, ಬ್ರಿಟನ್ನಿನ ನದಿಗಳಲ್ಲಿ ಅದೇ ಕೆಲಸ ಸಜ್ಜನಿಕೆಯ ಗುರುತು.

ಮೀನಿಗೆ ನೋವಾಗುತ್ತದೆಯೇ ಎಂಬ ಚರ್ಚೆಗೆ ದೊಡ್ಡ ತಿರುವು ಕೊಟ್ಟ ಪ್ರಯೋಗ ನಡೆದದ್ದೂ ಟ್ರೌಟ್ ಮೇಲೆಯೇ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್‌ನ ತಲೆ ಮತ್ತು ಬಾಯಿಯ ಭಾಗದಲ್ಲಿ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತುದಿಗಳನ್ನು ತೋರಿಸಿಕೊಟ್ಟರು. ಆ ಗ್ರಹಿಕೆ ನಮ್ಮ ನೋವಿನಂಥದೇ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಅಷ್ಟು ಸಾಕು. ಗಾಳ ಹಾಕುವವನು ತಾನು ಒಂದು ಜೀವಕ್ಕೆ ಕಷ್ಟ ಕೊಡುತ್ತಿದ್ದೇನೆ ಎಂದು ಒಪ್ಪಿಕೊಂಡೇ ದಂಡೆಗೆ ಇಳಿಯಬೇಕು.

ಈಗ ಬಿಟ್ಟ ಮೀನಿನ ವಿಚಾರ. 1992ರಲ್ಲಿ ಕೆನಡಾದ ಫರ್ಗ್ಯುಸನ್ ಮತ್ತು ಟಫ್ಟ್ಸ್ ಪ್ರಕಟಿಸಿದ ಒಂದು ಪ್ರಯೋಗವನ್ನು ಗಾಳಗಾರರೆಲ್ಲ ಓದಬೇಕು. ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಾಡಿಸಿ, ನೀರಿನಲ್ಲೇ ಬಿಟ್ಟು, ಹನ್ನೆರಡು ಗಂಟೆ ಕಾದು ನೋಡಿದರು. ನೂರಕ್ಕೆ 88 ಬದುಕಿದವು. ಹಾಗೆಯೇ ದಣಿಸಿ, 30 ಸೆಕೆಂಡು ಗಾಳಿಯಲ್ಲಿ ಹಿಡಿದಿಟ್ಟವುಗಳಲ್ಲಿ 62 ಬದುಕಿದವು. ಒಂದು ನಿಮಿಷ ಹಿಡಿದಿಟ್ಟವುಗಳಲ್ಲಿ ಉಳಿದದ್ದು 28. ಒಂದು ನಿಮಿಷವೆಂದರೆ ನಮ್ಮ ಹುಡುಗರಿಗೆ ಮೊಬೈಲ್ ತೆಗೆದು, ಬೆಳಕು ನೋಡಿ, ಎರಡು ಫೋಟೊ ಹೊಡೆಯುವ ಹೊತ್ತು. ನೀರಿನಿಂದ ಹೊರಗೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೆಣಸಿ ದಣಿದು ಆಮ್ಲ ತುಂಬಿದ ರಕ್ತಕ್ಕೆ ಆಮ್ಲಜನಕ ಬೇಕೇಬೇಕಾದ ಹೊತ್ತಿನಲ್ಲೇ ಅದು ಸಿಗದಂತಾಗುತ್ತದೆ. ಬಾಲ ಬಡಿದು ಹೋದ ಮೀನು ಸಂಜೆಗೆ ಮಡುವಿನ ತಳದಲ್ಲಿ ಸತ್ತಿದ್ದರೆ ಬಿಟ್ಟವನಿಗೆ ತಿಳಿಯುವುದೇ ಇಲ್ಲ.

ಅದು ತಣ್ಣೀರಿನ ಲೆಕ್ಕ. ಹತ್ತು ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮೂವತ್ತು ಡಿಗ್ರಿಯ ನೀರಿನಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ವರದೆಯ ಗತಿ ಏನೆಂದು ಸವಣೂರು, ಹಾನಗಲ್ಲಿನ ದಂಡೆಯವರಿಗೆ ನಾನು ಹೇಳಬೇಕಿಲ್ಲ. ಹರಿವು ನಿಂತು, ಬಾಂದಾರಗಳ ಹಿಂದೆ, ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಇಡೀ ಹೊಳೆಯ ಮೀನು ಅಲ್ಲಿ ಕಿಕ್ಕಿರಿದಿರುತ್ತದೆ. ಗಾಳಕ್ಕೆ ಸುಲಭವಾಗಿ ಬೀಳುವುದು ಆಗಲೇ, ಬಿಟ್ಟರೆ ಬದುಕುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ ಇರುವುದೂ ಆಗಲೇ. ಬೇಸಿಗೆಯ ಮಡುವಿನಲ್ಲಿ ಹತ್ತು ಮೀನು ಹಿಡಿದು ಹತ್ತನ್ನೂ ಬಿಟ್ಟವನಿಗಿಂತ, ಎರಡನ್ನು ಹಿಡಿದು ಮನೆಗೆ ಒಯ್ದು ಸಾರು ಮಾಡಿ ಉಂಡವನೇ ಹೊಳೆಗೆ ಕಡಿಮೆ ಹಾನಿ ಮಾಡಿದ್ದಾನೆ. ಇದನ್ನು ನಾನು ಪೂರ್ತಿ ಅರಿವಿನಿಂದಲೇ ಬರೆಯುತ್ತಿದ್ದೇನೆ.

ಹಾಗೆಂದು ಹಿಡಿದು ಬಿಡುವುದೆಲ್ಲ ಸೋಗು ಎಂಬುದು ನನ್ನ ವಾದವಲ್ಲ. ನಮ್ಮ ನಾಡಿನಲ್ಲೇ ಅದಕ್ಕೆ ದೊಡ್ಡ ಸಾಕ್ಷಿ ಇದೆ, ಕಾವೇರಿಯಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು, ಎಂದರೆ 54 ಕಿಲೊ. ಆ ದೈತ್ಯ ಮೀನು ಅರುವತ್ತು ಎಪ್ಪತ್ತರ ದಶಕದ ಹೊತ್ತಿಗೆ ಡೈನಮೈಟಿಗೆ ಸಿಕ್ಕಿ ಅಳಿಯುವ ಸ್ಥಿತಿಗೆ ಬಂದಿತ್ತು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಕ್ಯಾಂಪುಗಳು ಶುರುವಾದವು. ಹಿಡಿದ ಮೀನನ್ನು ತೂಗಿ ಬರೆದಿಟ್ಟು ಬಿಡಲೇಬೇಕೆಂಬ ನಿಯಮ ಬಂತು. ರಾಗಿಮುದ್ದೆಯ ಉಂಡೆಯನ್ನು ಗಾಳಕ್ಕೆ ಕಟ್ಟುವ ವಿದ್ಯೆ ಬಲ್ಲ ಸ್ಥಳೀಯರಿಗೆ, ಹಿಂದೆ ಕದ್ದು ಮೀನು ಹೊಡೆಯುತ್ತಿದ್ದವರಿಗೂ, ಅಲ್ಲೇ ಕೆಲಸ ಸಿಕ್ಕಿತು. ಹರಿಗೋಲು ನಡೆಸುವವರೇ ಹೊಳೆಯ ಕಾವಲುಗಾರರಾದರು. ಗಾಳಿಬೋರೆಯ ದಾಖಲೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರ್‌ಗಳ ಸಂಖ್ಯೆ ಆರು ಸಾವಿರ ದಾಟುತ್ತದೆ.

ಆದರೆ ಅದೇ ದಾಖಲೆ ಇನ್ನೊಂದು ಕಥೆಯನ್ನೂ ಹೇಳಿತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಆ ಲೆಕ್ಕವನ್ನು ಬಿಡಿಸಿ ನೋಡಿದಾಗ, ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್; ಅದು ಕಾವೇರಿಯದ್ದಲ್ಲ. ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ಅದರ ಮರಿಗಳನ್ನು ನದಿ ತುಂಬಲಿ ಎಂಬ ಸದುದ್ದೇಶದಿಂದಲೇ ತಂದು ಬಿಟ್ಟಿದ್ದರು. ಕಾವೇರಿಯ ಸ್ವಂತ ಮೀನು, ಬೆನ್ನು ಉಬ್ಬಿದ ಮಹಶೀರ್, ಕಣ್ಮರೆಯಾಗುತ್ತಾ ಬಂದಿತ್ತು. ಜಗತ್ತೆಲ್ಲ ಕೊಂಡಾಡಿದ ಆ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಗೊತ್ತಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯ ಕಟ್ಟಕಡೆಯ ಮೆಟ್ಟಿಲಿಗೂ ಬಂದು ನಿಂತಿತು. ಕ್ಯಾಂಪುಗಳಿದ್ದ ಜಾಗ ವನ್ಯಜೀವಿಧಾಮದೊಳಗೆ ಬರುವುದರಿಂದ, ಗಾಳ ಹಾಕುವುದೂ ಬೇಟೆಯೇ ಎಂಬ ಕಾರಣಕ್ಕೆ ಅಲ್ಲಿ ಅದು ನಿಂತುಹೋಗಿದೆ. ಗಾಳಗಾರರು ಬರೆದಿಡದಿದ್ದರೆ ಈ ಅಳಿವಿನ ಲೆಕ್ಕವೇ ನಮಗೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ವರದೆಯ ಮೀನಿನ ಲೆಕ್ಕ ಬರೆದಿಟ್ಟವರು ಯಾರಿದ್ದಾರೆ? ಹುಡುಗರು ಫೋಟೊದ ಕೆಳಗೆ ಜಾತಿ, ಉದ್ದ, ತಾರೀಖು, ಊರು ಬರೆದಿಟ್ಟರೆ ಅದು ಸಣ್ಣ ಸೇವೆಯಲ್ಲ.

ನಮ್ಮ ನೀರಿಗೆ ಬರೋಣ. ಇಲ್ಲಿ ಕೆರೆಯ ನೀತಿ ಬೇರೆ, ಹೊಳೆಯ ನೀತಿ ಬೇರೆ. ಹಾನಗಲ್ಲಿನ ಆನೆಕೆರೆ, ಶಿಗ್ಗಾಂವಿ ಕಡೆಯ ಕೆರೆಗಳು, ಹಿರೇಕೆರೂರು ಸೀಮೆಯ ಊರೂರಿನ ಕೆರೆಗಳು, ಇಂಥಲ್ಲೆಲ್ಲ ಸಿಗುವ ಕಾಟ್ಲಾ, ರೋಹು, ಮೃಗಾಲ್ ಸಾಮಾನ್ಯವಾಗಿ ತಂದು ಬಿಟ್ಟ ಮರಿಯಿಂದ ಬೆಳೆದವು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. ಹಾಗಾಗಿ ಅವು ಬೆಳೆಯಿದ್ದ ಹಾಗೆ, ಕೊಯ್ದು ಉಣ್ಣಲೆಂದೇ ಇರುವವು. ಅಲ್ಲಿ ಕೇಳಬೇಕಾದ ಪ್ರಶ್ನೆ ಕೆರೆಯ ಗುತ್ತಿಗೆ ಹಿಡಿದವರ ಒಪ್ಪಿಗೆ ಇದೆಯೇ ಎಂಬುದು. ಮೀನುಗಾರರ ಸಂಘ ಹಣ ಕಟ್ಟಿ ಮರಿ ಬಿಟ್ಟ ಕೆರೆಯಲ್ಲಿ ಕೇಳದೆ ಗಾಳ ಹಾಕುವುದು ಕಳವು. ಹಿಡಿದು ಬಿಟ್ಟೆ ಎಂದರೂ ಗಾಯಗೊಂಡ ಮೀನು ಅವರ ನಷ್ಟವೇ.

ಹೊಳೆಯ ಬಾಳೆ ಮೀನಿನ ಮಾತು ಬೇರೆ. ಅದನ್ನು ಯಾರೂ ಬಿತ್ತಿಲ್ಲ. ಜಾಗತಿಕವಾಗಿಯೂ ಅದು ಈಗ ಅಪಾಯಕ್ಕೀಡಾದ ಮೀನುಗಳ ಪಟ್ಟಿಯಲ್ಲಿದೆ. ಮುಂಗಾರಿನ ಮೊದಲ ಕೆಂಪು ನೀರಿಗೆ ಹೊಟ್ಟೆ ತುಂಬ ತತ್ತಿ ಹೊತ್ತು ಮೇಲೇರುವ ಮೀನನ್ನು ಬಾಂದಾರದ ಬಾಯಲ್ಲಿ ಕಾದು ಹಿಡಿಯುವುದು ನಮ್ಮಲ್ಲಿ ಹಬ್ಬದಂತೆ ನಡೆಯುತ್ತದೆ. ಕರಾವಳಿಯ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡ ಸೇರುತ್ತವೆ, ಅವರ ಹೊಟ್ಟೆಪಾಡೇ ಅದಾಗಿದ್ದರೂ. ಹವ್ಯಾಸಕ್ಕೆ ಗಾಳ ಹಿಡಿದ ನಮಗೆ ಅಷ್ಟು ಕಾಯಲು ಏನು ಕಷ್ಟ?

ಕುಚ್ಚು ಮೀನಿನದು ವಿಶೇಷ ಪ್ರಕರಣ. ಕೊರವ ಎಂದೂ ಕರೆಯುವ ಈ ಮೀನು ಮೇಲೆ ಬಂದು ಗಾಳಿ ಕುಡಿದು ಬದುಕಬಲ್ಲದು. ಟ್ರೌಟ್‌ನಂತೆ ಒಂದು ನಿಮಿಷಕ್ಕೆ ಸಾಯುವುದಿಲ್ಲ. ಬಿಟ್ಟರೆ ಬದುಕುವ ಮೀನು ನಮ್ಮಲ್ಲಿ ಯಾವುದಾದರೂ ಇದ್ದರೆ ಅದು ಇದೇ. ಆದರೆ ತತ್ತಿ ಒಡೆದ ಮೇಲೆ ತಂದೆ ತಾಯಿ ಮರಿಗಳ ಗುಂಪಿನ ಕೆಳಗೇ ಕಾವಲಿರುತ್ತವೆ. ಕೆಂಪಗೆ ಗಿಜಿಗುಡುವ ಮರಿಗಳ ನಡುವೆ ರಬ್ಬರ್ ಕಪ್ಪೆ ಎಳೆದರೆ ಕಾವಲಿನ ಮೀನು ಹಸಿವಿಲ್ಲದಿದ್ದರೂ ಸಿಟ್ಟಿನಿಂದ ಕಚ್ಚುತ್ತದೆ. ಇದನ್ನೇ ಚತುರತೆ ಎಂದು ವಿಡಿಯೊಗಳಲ್ಲಿ ಕಲಿಸುತ್ತಾರೆ. ಆ ಮೀನನ್ನು ಹತ್ತು ನಿಮಿಷ ಆಡಿಸಿ ಬಿಟ್ಟರೂ ಅಷ್ಟರಲ್ಲಿ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಬಾಯಿ ಸೇರುತ್ತವೆ. ಗಾಳಗಾರಿಕೆಯಲ್ಲಿ ಇದಕ್ಕಿಂತ ಹೀನ ಕೆಲಸ ನನಗೆ ತಿಳಿದಿಲ್ಲ.

ಬಿಡಲೇಬಾರದ ಮೀನೂ ಇದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿದ್ದರೂ ಅದು ನಮ್ಮ ನೀರುಗಳಿಗೆ ನುಗ್ಗಿದೆ. ಗಾಳಕ್ಕೆ ಬಿದ್ದರೆ ಕರುಣೆಯಿಂದ ಹಿಂದಕ್ಕೆ ಬಿಡುವುದು ಉಳಿದ ಮೀನುಗಳಿಗೆ ಮಾಡುವ ಅನ್ಯಾಯ.

ಬಿಡುವುದೇ ಆದರೆ ಬಿಡುವ ವಿದ್ಯೆ ಕಲಿಯಿರಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಚಿ. ದಾರ ದಪ್ಪಗಿರಲಿ, ಬೇಗ ಎಳೆದು ಮುಗಿಸಿ. ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ಮೀನಿನ ಮೈಯ ಲೋಳೆಯನ್ನು ಕೀಳುತ್ತದೆ. ಮೀನನ್ನು ನೀರಿನಲ್ಲೇ ಇಟ್ಟು ಗಾಳ ಬಿಡಿಸಿ, ಫೋಟೊ ಬೇಕಿದ್ದರೆ ನೀರಿನಲ್ಲೇ ತೆಗೆಯಿರಿ. ಎರೆಹುಳುವಿನ ಜೊತೆ ಗಾಳ ನುಂಗಿದ್ದರೆ ಎಳೆಯದೆ ದಾರ ಕತ್ತರಿಸಿ. ಕಿವಿರಿನಿಂದ ರಕ್ತ ಬರುತ್ತಿದ್ದರೆ ಬಿಡಬೇಡಿ, ಮನೆಗೆ ಒಯ್ದು ಉಣ್ಣಿ, ಅಂದಿನ ಗಾಳ ಅಲ್ಲಿಗೆ ಮುಗಿಸಿ. ಮಾರ್ಚ್ ಕಳೆದ ಮೇಲೆ ಮಡುಗಳಿಗೆ ಹೋಗಬೇಡಿ. ಮೊದಲ ಮಳೆಯಿಂದ ಜುಲೈ ಮುಗಿಯುವವರೆಗೆ ಕೋಲುಗಳನ್ನು ಅಟ್ಟದ ಮೇಲಿಡಿ. ಬಾಂದಾರಕ್ಕೆ ಅಡ್ಡ ಬಲೆ ಕಟ್ಟಿದ್ದು, ಕರೆಂಟು ಬಿಟ್ಟದ್ದು, ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದದ್ದು ಕಂಡರೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಂದೇ ತಿಳಿಸಿ.