ಟ್ಯಾಂಕಿನ ಪಕ್ಕದ ಪಂಪು

1998ರ ನಡುವಿನಿಂದ 2002ರವರೆಗಿನ ಡಾಡ್ಜ್ ರ‍್ಯಾಮ್ ಪಿಕಪ್‌ಗಳ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ ಗಟ್ಟಿಮುಟ್ಟು; ಅದಕ್ಕೆ ಡೀಸೆಲ್ ಉಣಿಸುವ ಲಿಫ್ಟ್ ಪಂಪು ಮಾತ್ರ ಕೈಕೊಡುವ ಜಾತಿ. ಎಂಜಿನ್ನಿಗೇ ಅಂಟಿಕೊಂಡು, ಬಿಸಿ, ನಡುಕ ಎರಡನ್ನೂ ತಾಳಿಕೊಂಡು, ದೂರದ ಟ್ಯಾಂಕಿನಿಂದ ಅದು ಡೀಸೆಲ್ ಎಳೆಯಬೇಕು. ಇಂಥ ಪಂಪು ತಳ್ಳುವುದರಲ್ಲಿ ಜಾಣ, ಎಳೆಯುವುದರಲ್ಲಿ ಸೋಮಾರಿ. ಅದು ಸೋತರೆ ಮುಂದಿನ ಬಾಷ್ ವಿಪಿ44 ಇಂಜೆಕ್ಷನ್ ಪಂಪಿಗೇ ಕುತ್ತು; ಅದನ್ನು ತಂಪಾಗಿಡುವುದೂ ಅದರ ಒಳಭಾಗಗಳಿಗೆ ಎಣ್ಣೆಯಾಗುವುದೂ ಹರಿಯುವ ಡೀಸೆಲ್ಲೇ. ಅಗ್ಗದ ಪಂಪಿನ ತಪ್ಪಿಗೆ ದುಬಾರಿ ಪಂಪಿಗೆ ಶಿಕ್ಷೆ!

ಪರಿಹಾರ ಸರಳ, ಸೊಗಸು ಕೂಡ. ಹೊಸ ಪಂಪನ್ನು ಚಾಸಿಗೆ, ಟ್ಯಾಂಕಿನ ಹತ್ತಿರವೇ ತಗ್ಗಿನಲ್ಲಿ ಬಿಗಿದರೆ ಎಳೆಯುವ ಕೆಲಸ ತಳ್ಳುವ ಕೆಲಸವಾಗುತ್ತದೆ. ಜತೆಗೆ ಚಾಲಕನ ಕಣ್ಣೆದುರು ಒತ್ತಡದ ಗೇಜು ಬೇಕು. ಭಾರ ಹೊತ್ತು ದಿಬ್ಬ ಏರುವಾಗಲೂ ಮುಳ್ಳು 10 ಪಿಎಸ್‌ಐಗಿಂತ ಕೆಳಗಿಳಿಯಬಾರದು.