ಕಥೆಯ ಕೊನೆಯ ತಿರುವು

ಕಥೆಯ ಕೊನೆಯಲ್ಲಿ ಓದುಗನನ್ನು ಬೆರಗುಗೊಳಿಸುವುದು ಕೇವಲ ಕೈಚಳಕ, ಅದು ಕಲೆಯೆನಿಸದು ಎಂಬ ಆಕ್ಷೇಪಣೆ ಬಹುಕಾಲದಿಂದ ಕೇಳಿಬರುತ್ತಿದೆ. ಇದಕ್ಕೆ ಹೆಚ್ಚಾಗಿ ಗುರಿಯಾದವನು ಅಮೆರಿಕದ ಓ. ಹೆನ್ರಿ. ವಿಲಿಯಂ ಸಿಡ್ನಿ ಪೋರ್ಟರ್ (1862-1910) ಎಂಬುದು ಅವನ ನಿಜನಾಮ. 1907ರಲ್ಲಿ ಪ್ರಕಟವಾದ ಅವನ 'ದಿ ರ್‍ಯಾನ್ಸಮ್ ಆಫ್ ರೆಡ್ ಚೀಫ್' ಎಂಬ ಹಾಸ್ಯಕಥೆಯನ್ನು ಮುಂದಿಟ್ಟುಕೊಂಡು ಈ ಆಕ್ಷೇಪಣೆಯನ್ನು ಪರೀಕ್ಷಿಸೋಣ.

ಸ್ಯಾಮ್ ಮತ್ತು ಬಿಲ್ ಎಂಬಿಬ್ಬರು ವಂಚಕರು ಅಲಬಾಮಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಎಬೆನೀಜರ್ ಡಾರ್ಸೆಟ್ ಎಂಬ ಧನಿಕನ ಹತ್ತು ವರ್ಷದ ಮಗನನ್ನು ಅಪಹರಿಸಿ ಗುಹೆಯಲ್ಲಿ ಬಚ್ಚಿಡುತ್ತಾರೆ. ಹುಡುಗನಿಗೆ ಇದೆಲ್ಲ ಆಟ. ತಾನು 'ರೆಡ್ ಚೀಫ್' ಎಂಬ ಕಾಡುನಾಯಕನೆಂದು ಸಾರಿಕೊಂಡು ಅವನು ಬಿಲ್‌ನ ಬೆನ್ನಿಗೆ ಬಿಸಿ ಆಲೂಗಡ್ಡೆ ತುರುಕುತ್ತಾನೆ. ಕವಣೆಯಿಂದ ಕಲ್ಲು ಬೀರುತ್ತಾನೆ. ನಸುಕಿನಲ್ಲಿ ಅವನ ಎದೆಯೇರಿ ಕುಳಿತು ಚೂರಿಯಿಂದ ತಲೆಯ ಚರ್ಮ ಸುಲಿಯಲು ಹವಣಿಸುತ್ತಾನೆ. 2,000 ಡಾಲರ್ ಕೇಳಬೇಕೆಂದಿದ್ದವರು ಬಿಲ್‌ನ ಗೋಳಾಟಕ್ಕೆ 1,500ಕ್ಕೆ ಇಳಿಯುತ್ತಾರೆ. ತಂದೆಯಿಂದ ಬರುವ ಉತ್ತರವಾದರೋ ವಿಚಿತ್ರ: ನೀವೇ 250 ಡಾಲರ್ ಕೊಟ್ಟರೆ ಮಗನನ್ನು ಮರಳಿ ಸ್ವೀಕರಿಸುತ್ತೇನೆ! ಅಪಹರಣಕಾರರು ಆ ಹಣ ತೆತ್ತು ಓಡಿಹೋಗುತ್ತಾರೆ.

ಈ ಮುಕ್ತಾಯ ಆಕಾಶದಿಂದ ಉದುರಿತೆ? ಕಥೆಯನ್ನು ಎರಡನೆಯ ಬಾರಿ ಓದಿದವರಿಗೆ ಹಾಗೆನ್ನಿಸದು. ಸಮತಟ್ಟು ನೆಲದ ಆ ಊರಿಗೆ 'ಶಿಖರ' ಎಂಬರ್ಥದ ಹೆಸರಿಟ್ಟು, ಇಲ್ಲಿ ಎಲ್ಲವೂ ತಲೆಕೆಳಗು ಎಂಬುದನ್ನು ಲೇಖಕನು ಮೊದಲಲ್ಲೇ ಸೂಚಿಸಿದ್ದಾನೆ. ಡಾರ್ಸೆಟ್ ಅಡವಿನ ಸಾಲದ ವ್ಯವಹಾರಿ, ಬಿಗಿಮುಷ್ಟಿಯವನು ಎಂದೂ ಆಗಲೇ ತಿಳಿಸಿದ್ದಾನೆ. ಊರವರು ಆಯುಧ ಹಿಡಿದು ಹುಡುಕುತ್ತಿರಬೇಕೆಂದು ಸ್ಯಾಮ್ ಬೆಟ್ಟವೇರಿ ನೋಡಿದರೆ, ಹೇಸರಗತ್ತೆಯಿಂದ ಉಳುತ್ತಿರುವ ಒಬ್ಬ ರೈತನ ಹೊರತು ಯಾವ ಗದ್ದಲವೂ ಕಾಣದು. ಮಗನಿಗಾಗಿ ಯಾರೂ ಮರುಗುತ್ತಿಲ್ಲ ಎಂಬುದನ್ನು ಈ ನೋಟವೇ ಹೇಳಿತು. ಅದನ್ನು ಸ್ಯಾಮ್ ಅರಿಯಲಿಲ್ಲ. ಅವನೊಡನೆ ನಗುತ್ತಿದ್ದ ನಾವೂ ಅರಿಯಲಿಲ್ಲ. ಬೆಲೆ ಇಳಿಯುತ್ತ ಬಂದು ಸೊನ್ನೆಯನ್ನೂ ದಾಟಿ ಕೆಳಗಿಳಿದದ್ದು ಸರಕಿನ ಗುಣವನ್ನು ತಂದೆ ಬಲ್ಲವನಾದುದರಿಂದ. ಅನಿರೀಕ್ಷಿತವಾದದ್ದು ಅನಿವಾರ್ಯವೂ ಆಗಿ ತೋರಬೇಕು, ಔಚಿತ್ಯವೆಂದರೆ ಇದೇ.

ಆದರೆ ಕಥೆಯ ನಿಜವಾದ ವ್ಯಂಗ್ಯ ಇನ್ನೂ ಒಳಗಿದೆ. ಮನೆಯಲ್ಲಿ ತನಗೆ ಸಂತೋಷವಿಲ್ಲ, ತನ್ನನ್ನು ಹಿಂದಕ್ಕೆ ಕಳಿಸಬೇಡಿರೆಂದು ಹುಡುಗ ಮೊದಲ ರಾತ್ರಿಯೇ ಬೇಡಿಕೊಂಡಿದ್ದ. ಅಪ್ಪ ಹೊಸ ಬಂದೂಕು ತಂದಿದ್ದಾನೆ, ನಾಳೆ ಕರಡಿ ಬೇಟೆಗೆ ಹೋಗೋಣ ಎಂಬ ಸುಳ್ಳು ಹೇಳಿಯೇ ಅವನನ್ನು ಮನೆಗೆ ಕರೆದೊಯ್ಯಬೇಕಾಯಿತು. ಬಾಗಿಲಲ್ಲಿ ತನ್ನನ್ನು ಬಿಟ್ಟುಹೋಗುತ್ತಿರುವರೆಂದು ತಿಳಿದಾಗ ಅವನು ಬಿಲ್‌ನ ಕಾಲನ್ನು ಅಪ್ಪಿ ಗೋಳಿಡುತ್ತಾನೆ. ಎಷ್ಟೇ ನರಳಿದರೂ ಕುದುರೆಯಾಗಿ ಅವನನ್ನು ಹೊತ್ತು ಆಡಿಸಿದವನು ಬಿಲ್ ತಾನೆ? ಹಿರಿಯರು ಮೂವರೂ ಮಗುವಿಗೆ ಬೆಲೆ ಕಟ್ಟಿದರು. ಬೆಲೆಯ ಅರಿವಿಲ್ಲದೆ ಪ್ರೀತಿಸಿದವನು ಆ ಮಗು ಒಬ್ಬನೇ.

ತಿರುವಿನಿಂದ ಬರುವ ಬೆರಗು ಮೊದಲ ಓದಿಗೇ ಮುಗಿಯುತ್ತದೆ. ಗುಟ್ಟು ತಿಳಿದ ಮೇಲೂ ಕಥೆ ನಮ್ಮನ್ನು ಮತ್ತೆ ಕರೆಯುವುದಾದರೆ ಅದು ಕೈಚಳಕವಲ್ಲ. ವಾಚಕರು ಇದನ್ನು ಇನ್ನೊಮ್ಮೆ ಓದಿ ನೋಡಲಿ. ನಗೆ ಆಗಲೂ ಬರುತ್ತದೆ; ಬಾಗಿಲಲ್ಲಿ ಅಳುವ ಹುಡುಗನ ಬಳಿ ಬಂದಾಗ ಮಾತ್ರ ಅದು ಅರೆಕ್ಷಣ ತಡೆದು ನಿಲ್ಲುತ್ತದೆ.