ಬಿಜ್ಜಳನ ಅಪರಾಧ ಯಾರದು?

ಶರಣರ ಕಥೆಯ ನೆಲವನ್ನು ನೋಡಬೇಕೆಂದರೆ ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕು ತಿರುಗಿದರೆ ಅರ್ಧ ಕಥೆ ಸಿಗುತ್ತದೆ. ಬಸವಣ್ಣ ಹುಟ್ಟಿದ ಊರು ಬಸವನ ಬಾಗೇವಾಡಿ. ತಾಯಿ ಮಾದಲಾಂಬಿಕೆಯ ತವರೆಂದು ಹೇಳುವ ಇಂಗಳೇಶ್ವರವೂ ಅದೇ ತಾಲೂಕಿನದು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಬಸವಣ್ಣನ ಹೆಂಡತಿ ನೀಲಮ್ಮನ ಐಕ್ಯಸ್ಥಳವಿದೆ. ಶರಣರ ಕಾಲದ ಶಾಸನ, ವಚನ, ಪುರಾಣಗಳನ್ನು ಒಂದರ ಎದುರಿಗೆ ಒಂದನ್ನಿಟ್ಟು ಓದಿದ, ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕವನ್ನೂ ಬರೆದ ಎಂ. ಎಂ. ಕಲಬುರ್ಗಿ 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ. ಇನ್ನು ಇಂಡಿ ಸೀಮೆ ಎದುರಾಳಿಯ ನೆಲ. ಕಲಚುರಿ ಬಿಜ್ಜಳ ಚಾಲುಕ್ಯರ ಮಾಂಡಲಿಕನಾಗಿ ಆಳಿದ ತರ್ದವಾಡಿ ಸಾವಿರ ನಾಡು ಇದೇ. ಭೀಮಾ ತೀರದ ತದ್ದೇವಾಡಿ ಆ ನಾಡಿನ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ. ನಾಯಕನೂ ಖಳನೂ ಒಂದೇ ಮಣ್ಣಿನವರು.

ನಾಯಕನ ಬಗ್ಗೆ ನಾವು ಎಂಟುನೂರು ವರ್ಷಗಳಿಂದ ಬರೆಯುತ್ತಿದ್ದೇವೆ. ಖಳನ ಬಗ್ಗೆಯೂ ಅಷ್ಟೇ ಕಾಲ ಬರೆದಿದ್ದೇವೆ, ಆದರೆ ಆ ಬರವಣಿಗೆಯನ್ನು ಒಂದು ಪರಂಪರೆಯೆಂದು ಎದುರಿಗಿಟ್ಟುಕೊಂಡು ತೂಗಿದ್ದು ಕಡಿಮೆ. ಪುರಾಣದಿಂದ ಕಂಪನಿ ನಾಟಕಕ್ಕೆ, ಸಿನಿಮಾಕ್ಕೆ, ನವ್ಯೋತ್ತರ ರಂಗಭೂಮಿಗೆ ಬಂದ ಬಿಜ್ಜಳ ಎಲ್ಲಿ ಬರೀ ಗೊಂಬೆಯಾದ, ಎಲ್ಲಿ ನಮ್ಮ ಕನಿಕರ ಗಳಿಸಿದ, ಎಲ್ಲಾದರೂ ದುರಂತದ ಎತ್ತರಕ್ಕೆ ಏರಿದನೇ ಎಂಬುದು ಈ ಲೇಖನದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಜ್ಜಳನನ್ನು ದ್ವೇಷಿಸುವುದನ್ನು ಕನ್ನಡ ಸಾಹಿತ್ಯ ಕಲಿತಿತು, ಆಮೇಲೆ ಪ್ರೀತಿಸುವುದನ್ನೂ ಕಲಿತಿತು. ಅವನು ಮಾಡಿದ್ದನ್ನು ಅವನ ಕೈಯಲ್ಲೇ ಬಿಟ್ಟು ಅವನನ್ನು ಅರಿಯುವ ಕೆಲಸ ಮಾತ್ರ ಇನ್ನೂ ಬಾಕಿ ಉಳಿದಿದೆ.

ಆ ಕೆಲಸ ಕನ್ನಡಕ್ಕೆ ಹೊಸದಲ್ಲ. ಮುಧೋಳದ ರನ್ನ ಹತ್ತನೆಯ ಶತಮಾನದ ಕೊನೆಗೇ ಅದನ್ನು ಮಾಡಿ ತೋರಿಸಿದ. ‘ಗದಾಯುದ್ಧ’ದ ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣರ ಮುಂದೆ ನಿಲ್ಲುತ್ತಾನೆ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಅಳುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಓದುಗನ ಎದೆ ಅವನ ಕಡೆಗೆ ವಾಲುತ್ತದೆ. ಆದರೆ ರನ್ನ ಕಾವ್ಯವನ್ನು ತೆರೆಯುವುದು ದ್ರೌಪದಿಯ ಅವಮಾನದ ನೆನಪಿನಿಂದ, ಭೀಮನ ಸಿಟ್ಟಿನಿಂದ. ಮುಡಿ ಹಿಡಿದು ಎಳೆಸಿದ ಪಾಪವನ್ನು ಅವನು ಶಕುನಿಯ ತಲೆಗೆ ಕಟ್ಟಿ ದುರ್ಯೋಧನನನ್ನು ಚೊಕ್ಕಗೊಳಿಸುವುದಿಲ್ಲ. ಆ ಬಿಚ್ಚಿದ ಮುಡಿಯೂ ಈ ಕೈಮುಗಿತವೂ ಒಬ್ಬನೇ ಮನುಷ್ಯನವು. ಎರಡನ್ನೂ ಒಟ್ಟಿಗೆ ಹೊರಬೇಕಾದ ಭಾರವೇ ಆ ಕಾವ್ಯದ ದುರಂತ.

ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದನೆಂದು ಹೆಸರಾದ ನಾಗಚಂದ್ರನೂ ಇದೇ ದಾರಿ ಹಿಡಿದವನು. ಅವನ ರಾವಣ ಸೀತೆಯ ನಿಷ್ಠೆಯನ್ನು ಕಂಡು ಮನಸ್ಸು ಬದಲಾಯಿಸುತ್ತಾನೆ, ತಾನು ಮಾಡಿದ್ದು ತಪ್ಪೆಂದು ಅರಿಯುತ್ತಾನೆ. ಆದರೂ ಸೋತು ಒಪ್ಪಿಸಿದನೆಂಬ ಅಪಕೀರ್ತಿ ಬೇಡ, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎಂದು ಹೊರಡುತ್ತಾನೆ. ತಿದ್ದಿಕೊಳ್ಳುವ ಬಾಗಿಲು ತೆರೆದೇ ಇತ್ತು; ಅದರ ಮುಂದೆ ನಿಂತು, ಅದನ್ನು ಕಂಡು, ಅಭಿಮಾನಕ್ಕಾಗಿ ಬೇರೆ ಕಡೆ ನಡೆದ. ಖಳನೊಬ್ಬನ ಆಳವನ್ನು ಅಳೆಯಲು ಈ ಇಬ್ಬರು ಕವಿಗಳು ನಮಗೆ ಬಿಟ್ಟುಹೋದ ಅಳತೆ ಇದು: ಅಪರಾಧ ಅವನದೇ ಆಗಿರಬೇಕು, ಬೇರೆ ದಾರಿ ಇತ್ತೆಂಬುದು ಅವನಿಗೆ ತಿಳಿದಿರಬೇಕು, ಅವನಿಂದ ನೊಂದವರು ನಮ್ಮ ಕಣ್ಣಿನಿಂದ ಮರೆಯಾಗಬಾರದು.

ಈ ಅಳತೆ ಹಿಡಿದು ಬಿಜ್ಜಳನ ಬಳಿಗೆ ಬರೋಣ. ಚರಿತ್ರೆಯ ಬಿಜ್ಜಳ ಸಾಮಾನ್ಯನಲ್ಲ. ಮಂಗಳವೇಢೆ ಮತ್ತು ತರ್ದವಾಡಿಯ ಮಾಂಡಲಿಕನಾಗಿದ್ದವನು ದುರ್ಬಲನಾಗಿದ್ದ ಚಾಲುಕ್ಯ ದೊರೆ ಮೂರನೆಯ ತೈಲಪನನ್ನು ಬದಿಗೆ ಸರಿಸಿ, 1162ರ ಹೊತ್ತಿಗೆ ಕಲ್ಯಾಣದ ಸಿಂಹಾಸನವನ್ನು ತನ್ನದಾಗಿಸಿಕೊಂಡ. ಸುಮಾರು 1167ರಲ್ಲಿ ಪಟ್ಟ ಮಗ ಸೋವಿದೇವನಿಗೆ ಹೋಯಿತು. ಕಲಚುರಿಗಳ ಧ್ವಜದಲ್ಲಿದ್ದದ್ದು ಚಿನ್ನದ ಬಣ್ಣದ ವೃಷಭ. ಒಡೆಯನಿಂದ ಕಸಿದ ಪಟ್ಟದ ಮೇಲೆ ಕುಳಿತು, ಅದು ತನಗೆ ಸಲ್ಲುತ್ತದೆಂದು ದಿನವೂ ಸಾಧಿಸಬೇಕಾದ ದೊರೆ. ಪಕ್ಕದಲ್ಲಿ ಪಟ್ಟಕ್ಕೇ ಬೆಲೆ ಕೊಡದ ಭಂಡಾರಿ ಬಸವಣ್ಣ. ಇಷ್ಟು ಸಾಮಗ್ರಿ ಕೈಗೆ ಸಿಕ್ಕ ಯಾವ ಕವಿಯೂ ದೊಡ್ಡ ಪಾತ್ರವೊಂದನ್ನು ಕಟ್ಟಬಹುದಿತ್ತು.

ಹರಿಹರ ಅದರ ಹತ್ತಿರ ಹೋದ. ‘ಬಸವರಾಜದೇವರ ರಗಳೆ’ಯ ಬಿಜ್ಜಳ ರಕ್ಕಸನಲ್ಲ. ಭಂಡಾರದ ಹೊನ್ನನ್ನು ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯದವರು ಹೇಳಿದಾಗ ಕೇಳಿಸಿಕೊಳ್ಳುತ್ತಾನೆ, ಸಿಟ್ಟಾಗುತ್ತಾನೆ, ಲೆಕ್ಕ ನೋಡುತ್ತಾನೆ, ಭಂಡಾರ ತುಂಬಿರುವುದನ್ನು ಕಂಡು ನಾಚುತ್ತಾನೆ. ಅನುಮಾನಕ್ಕೂ ಗೌರವಕ್ಕೂ ನಡುವೆ ತೂಗಾಡುವ ಮನಸ್ಸು ಅಲ್ಲಿದೆ. ರಗಳೆ ನಮಗೆ ಪೂರ್ತಿ ಸಿಕ್ಕಿಲ್ಲ, ಕಲ್ಯಾಣದ ಕೊನೆಯ ದಿನಗಳು ಅದರಲ್ಲಿಲ್ಲ. ಹಾಗಾಗಿ ಆ ತೂಗಾಟ ಎಲ್ಲಿಗೆ ಮುಟ್ಟಿತೆಂಬುದು ಕನ್ನಡಕ್ಕೆ ತಿಳಿಯದೇ ಹೋಯಿತು.

ಆಮೇಲಿನ ಪುರಾಣಗಳಲ್ಲಿ ಈ ತೂಗಾಟ ನಿಂತುಹೋಗುತ್ತದೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ, ಅವನನ್ನು ಅನುಸರಿಸಿ 1369ರಲ್ಲಿ ಭೀಮಕವಿ, ಮುಂದೆ 1584ರಲ್ಲಿ ‘ಚೆನ್ನಬಸವ ಪುರಾಣ’ದ ವಿರೂಪಾಕ್ಷ ಪಂಡಿತ, ಒಬ್ಬರಿಂದ ಒಬ್ಬರಿಗೆ ಬಿಜ್ಜಳನ ಕ್ರೌರ್ಯ ದೊಡ್ಡದಾಗುತ್ತ, ಬಿಜ್ಜಳ ಸಣ್ಣವನಾಗುತ್ತ ಹೋಗುತ್ತಾನೆ. ಶರಣರ ಕಣ್ಣು ಕೀಳಿಸಿದ, ಅವರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ ಎಂಬುದು ಉಳಿಯುತ್ತದೆ, ಏಕೆ ಮಾಡಿದ ಎಂಬುದು ಉಳಿಯುವುದಿಲ್ಲ. ಆಜ್ಞೆ ಕೊಡುವುದು, ಶರಣ ಜಗದೇವನ ಕತ್ತಿಗೆ ಬೀಳುವುದು, ಪುರಾಣಕ್ಕೆ ಅವನಿಂದ ಬೇಕಾಗಿದ್ದು ಇಷ್ಟೆ. ನೊಂದ ಭಕ್ತರ ನೆನಪನ್ನು ಜತನ ಮಾಡಿದ್ದು ಈ ಪುರಾಣಗಳ ದೊಡ್ಡ ಕೆಲಸ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕೊಲ್ಲಿಸಿದವನ ಮನಸ್ಸೇ ಇಲ್ಲದ ಮೇಲೆ ಆ ಕೊಲೆ ಸಿಡಿಲು ಬಡಿದ ಹಾಗೆ ಆಗಿಬಿಡುತ್ತದೆ. ಸಿಡಿಲಿನ ಮೇಲೆ ಯಾರೂ ತೀರ್ಪು ಕೊಡಲಾರರು.

ಇದರ ಎದುರು ಕನ್ನಡಿಯೂ ನಮ್ಮಲ್ಲಿದೆ. ಜೈನರು ಬರೆದ ಬಿಜ್ಜಳರಾಯನ ಚರಿತೆಯಲ್ಲಿ ಬಿಜ್ಜಳನೇ ಧರ್ಮಾತ್ಮ. ಕೊಲ್ಲಾಪುರದ ಶಿಲಾಹಾರರ ಮೇಲಿನ ದಂಡಯಾತ್ರೆಯಿಂದ ಮರಳುವಾಗ, ಭೀಮಾ ನದಿಯ ದಂಡೆಯ ಬೀಡಿನಲ್ಲಿ, ವಿಷದ ಹಣ್ಣು ಮೂಸಿ ಸಾಯುತ್ತಾನೆ. ಹಣ್ಣು ಕಳಿಸಿದವನು ಬಸವಣ್ಣ! ಶೈವ ಪುರಾಣದ ಬಿಜ್ಜಳನೂ ಜೈನ ಚರಿತೆಯ ಬಸವಣ್ಣನೂ ಒಂದೇ ಅಚ್ಚಿನಿಂದ ಎರಕ ಹೊಯ್ದವರು. ಹೆಸರು ಅದಲುಬದಲು ಮಾಡಿದರೂ ಕಥೆ ಕೆಡುವುದಿಲ್ಲ. ಖಳನ ಹೆಸರು ಬದಲಾಯಿಸಿದರೂ ಕಥೆಗೆ ಏನೂ ಆಗುವುದಿಲ್ಲವೆಂದರೆ ಆ ಖಳ ಪೊಳ್ಳು ಎಂದೇ ಅರ್ಥ.

ಬಯಲಾಟದ ರಂಗಸ್ಥಳ ಈ ವಿಷಯದಲ್ಲಿ ಪುರಾಣಕ್ಕಿಂತ ಉದಾರಿ. ನಮ್ಮ ದೊಡ್ಡಾಟಗಳಲ್ಲಿ ಎಂಥ ರಕ್ಕಸ ಬಂದರೂ ಸಾರಥಿ ಅವನನ್ನು ತಡೆದು ನೀನಾರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಕ್ಕಸ ತನ್ನ ಬಿರುದು, ತನ್ನ ನೋವು, ತನ್ನ ಹಗೆ ಎಲ್ಲವನ್ನೂ ತನ್ನ ಬಾಯಿಂದಲೇ ಹೇಳಿಕೊಳ್ಳುತ್ತಾನೆ. ಕಂಪನಿ ನಾಟಕಕ್ಕೂ ಸಿನಿಮಾಕ್ಕೂ ಈ ಗುಣ ಸ್ವಲ್ಪ ದಾಟಿ ಬಂತು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಏಣಗಿ ಬಾಳಪ್ಪನವರ ಬಸವಣ್ಣನನ್ನು ಉತ್ತರ ಕರ್ನಾಟಕ ಕೈಮುಗಿದು ನೋಡಿತು. ಅದೇ ಹೆಸರಿನ 1959ರ ಸಿನಿಮಾದಲ್ಲಿ ಹೊನ್ನಪ್ಪ ಭಾಗವತರ ಬಸವಣ್ಣನಿಗೆ ಎದುರಾಗಿ ಬಿಜ್ಜಳನಾದವರು ರಾಜಕುಮಾರ್. ಆ ಕಂಠ, ಆ ನಿಲುವು ಬಿಜ್ಜಳನಿಗೆ ಸಿಕ್ಕಿದ್ದೇ ಒಂದು ಸಂಗತಿ. ಖಳನಿಗೂ ಘನತೆ ಇರಬಹುದೆಂದು ಜನ ಕಣ್ಣಾರೆ ಕಂಡರು. ಆದರೆ ಘನತೆ ನಟನದು. ಕಥೆ ಇನ್ನೂ ಪುರಾಣದ್ದೇ.

ಕಥೆಯನ್ನು ಬದಲಾಯಿಸಿದವರು ಆಮೇಲಿನ ನಾಟಕಕಾರರು. ಲಂಕೇಶರ ‘ಸಂಕ್ರಾಂತಿ’ ಹೊಲೆಯರ ರುದ್ರ ಮತ್ತು ಬ್ರಾಹ್ಮಣರ ಉಷಾಳ ಪ್ರೇಮವನ್ನು ನಡುವಿಗೆ ತಂದು, ಬಿಜ್ಜಳನನ್ನು ಅಧಿಕಾರದ ಮಿತಿ ಬಲ್ಲ ವ್ಯವಹಾರಸ್ಥನನ್ನಾಗಿ ನೋಡಿತು. ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಕಲ್ಯಾಣದ ದುಡಿಯುವ ಜನರ ಕಡೆಯಿಂದ ಕಥೆ ಕಟ್ಟಿತು. ಬಿಜ್ಜಳನ ಮಟ್ಟಿಗೆ ನಿರ್ಣಾಯಕವಾದದ್ದು ಗಿರೀಶ ಕಾರ್ನಾಡರ 1990ರ ‘ತಲೆದಂಡ’. ಕಾರ್ನಾಡರ ಬಿಜ್ಜಳ ಕ್ಷೌರಿಕ ಕುಲದ ಮೂಲವುಳ್ಳವನು. ತಲೆಮಾರುಗಳಿಂದ ಆಳಿದರೂ, ಕ್ಷತ್ರಿಯರ ಮನೆಯಿಂದ ಹೆಣ್ಣು ತಂದರೂ, ಪುರೋಹಿತರಿಗೆ ದಾನ ಸುರಿದರೂ ಜಾತಿ ಮೈಗಂಟಿದ ಚರ್ಮದಂತೆ ಬಿಡದು ಎಂಬ ಉರಿ ಅವನದು. ಜಾತಿಯನ್ನು ಮರೆತು ತನ್ನನ್ನು ಮನುಷ್ಯನೆಂದು ನೋಡಿದವರು ಶರಣರೊಬ್ಬರೇ ಎಂದು ಹೆಂಡತಿಯ ಮುಂದೆ ಅವನು ತೋಡಿಕೊಳ್ಳುವ ಮಾತು ಕನ್ನಡ ರಂಗಭೂಮಿಯ ಉತ್ತಮ ಗಳಿಗೆಗಳಲ್ಲಿ ಒಂದು. ಪಟ್ಟದ ಮೇಲಿದ್ದವನಿಗೂ ಬಸವಣ್ಣ ಏಕೆ ಬೇಕಾಗಿದ್ದ ಎಂಬುದಕ್ಕೆ ಅಲ್ಲಿ ಮೊದಲ ಸಲ ಉತ್ತರ ಸಿಕ್ಕಿತು.

ಆದರೂ ನನ್ನ ತಕರಾರು ಇರುವುದು ಇಲ್ಲೇ. ಈ ಕನಿಕರಕ್ಕೆ ನಾಟಕ ಒಂದು ಬೆಲೆ ತೆತ್ತಿದೆ. ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳಿಗೂ ಸಮಗಾರ ಶರಣ ಹರಳಯ್ಯನ ಮಗನಿಗೂ ನಡೆದ ಮದುವೆಯನ್ನು ಬಿಜ್ಜಳ ತಡೆಯಲು ನೋಡುತ್ತಾನೆ, ಕೂಗಾಡುತ್ತಾನೆ, ಕೊನೆಗೆ ಅಡ್ಡಬರದಿರಲು ಒಪ್ಪುತ್ತಾನೆ. ಆಗ ಸೋವಿದೇವ ಮತ್ತು ಪುರೋಹಿತ ದಾಮೋದರ ಭಟ್ಟ ಸೇರಿ ಅವನನ್ನು ಸೆರೆಯಲ್ಲಿಡುತ್ತಾರೆ. ಹರಳಯ್ಯ, ಮಧುವರಸರ ಮೇಲೆ ಬೀಳುವ ಶಿಕ್ಷೆ ಬಿಜ್ಜಳನ ಬಾಯಿಂದ ಬರುವುದಿಲ್ಲ, ಮಗನ ಆಳ್ವಿಕೆಯಲ್ಲಿ ಬರುತ್ತದೆ. ಪುರಾಣ ಬಿಜ್ಜಳನಿಗೆ ಅಪರಾಧ ಕೊಟ್ಟು ಮನಸ್ಸು ಕಸಿದಿತ್ತು. ‘ತಲೆದಂಡ’ ಮನಸ್ಸು ಕೊಟ್ಟು ಅಪರಾಧ ಕಸಿಯಿತು. ಆಮೇಲೆ ಜಗದೇವನ ಕತ್ತಿಗೆ ಬೀಳುವವನು ಖಳನಲ್ಲ, ಬಲಿ. ಬಲಿಗಾಗಿ ಮರುಗುವುದು ಸುಲಭ. ರನ್ನ ನಮ್ಮಿಂದ ಕೇಳಿದ್ದು ಅದಕ್ಕಿಂತ ಕಷ್ಟದ ಮರುಕ.

ಹೊರೆ ಇಳಿಸಿದರೆ ಅದು ಇನ್ನೊಬ್ಬರ ತಲೆಗೆ ಏರಲೇಬೇಕು. ಇಲ್ಲಿ ಅದು ಸೋವಿದೇವನ ತಲೆಗೆ ಏರಿದೆ. ತಂದೆಯ ತಿರಸ್ಕಾರ ಅವನನ್ನು ಹೀಗೆ ಮಾಡಿತೆಂದು ಕಾರ್ನಾಡರು ತೋರಿಸುತ್ತಾರೆ. ದಾಮೋದರ ಭಟ್ಟನಿಗಂತೂ ಶ್ರೇಣಿಯನ್ನು ಸಮರ್ಥಿಸುವ ಬಲವಾದ ತರ್ಕವನ್ನೇ ಕೊಡುತ್ತಾರೆ. ಆದರೆ ಸೋವಿದೇವನಿಗೆ ಗಾಯವಿದೆ, ಅರಿವಿಲ್ಲ. ತಾನು ಮಾಡುತ್ತಿರುವುದನ್ನು ನಿಂತು ನೋಡುವ ಒಂದು ಗಳಿಗೆಯೂ ಅವನಿಗೆ ದಕ್ಕುವುದಿಲ್ಲ. ಗಾಯ ತೋರಿಸಿದ ಮಾತ್ರಕ್ಕೆ ಪಾತ್ರಕ್ಕೆ ಆಳ ಬರುವುದಿಲ್ಲ. ನೊಂದವರೆಲ್ಲ ಕಣ್ಣು ಕೀಳಿಸುವುದಿಲ್ಲ. ಹರಳಯ್ಯ ಸೋವಿದೇವನಿಗಿಂತ ನೂರು ಪಟ್ಟು ನೊಂದವನು.

ಇಂದಿನ ಹುಡುಗರು ಖಳರನ್ನು ಹೆಚ್ಚಾಗಿ ಕಾಣುವುದು ವಿಡಿಯೋ ಗೇಮ್‌ಗಳಲ್ಲಿ. ಈ ಪ್ರಶ್ನೆಯನ್ನು ಆ ಲೋಕವೂ ತನ್ನ ರೀತಿಯಲ್ಲಿ ಎದುರಿಸಿದೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನ ಬೌಸರ್ ದಾರಿಗೆ ಅಡ್ಡ ನಿಂತ ಪ್ರಾಣಿ, ಅಷ್ಟೆ, ಆಟಕ್ಕೆ ಅಷ್ಟು ಸಾಕು. 2002ರ ‘ವಾರ್‌ಕ್ರಾಫ್ಟ್ 3’ರಲ್ಲಿ ಯುವರಾಜ ಅರ್ಥಾಸ್ ಸೋಂಕು ತಗುಲಿದ ಧಾನ್ಯ ತಿಂದ ಇಡೀ ಊರಿನ ಜನರನ್ನು ಕೊಲ್ಲಲು ನಿರ್ಧರಿಸುತ್ತಾನೆ. ಗುರು ಉಥರ್ ಒಪ್ಪದೆ ಹೊರಟುಹೋಗುತ್ತಾನೆ, ಪ್ರೀತಿಯ ಗೆಳತಿ ಜೈನಾ ಬಿಟ್ಟು ನಡೆಯುತ್ತಾಳೆ. ಬೇರೆ ದಾರಿ ಇತ್ತೆಂದು ಹೇಳಿದವರು ಎದುರಿಗೇ ಇದ್ದರು. ಆಮೇಲೆ ಆ ಕೊಲೆಗಳನ್ನು ಆಡುವವನ ಕೈಯೇ ಮಾಡಬೇಕು. ಮುಂದೆ ಶಪಿತ ಕತ್ತಿ ಹಿಡಿದು ಅರ್ಥಾಸ್ ತಂದೆಯನ್ನೇ ಕೊಲ್ಲುವಾಗ ಆ ಪಾಪವನ್ನು ಪೂರ್ತಿ ಕತ್ತಿಯ ಮೇಲೆ ಹಾಕಲು ಆಗುವುದಿಲ್ಲ, ಏಕೆಂದರೆ ಅವನು ಆ ಊರಿನಲ್ಲೇ ಆರಿಸಿಕೊಂಡಿದ್ದ. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ನಮಗೆ ಬೇಕಾದ ಜೋಯಲ್‌ನನ್ನು ಆ್ಯಬಿ ಬಡಿದು ಕೊಲ್ಲುತ್ತಾಳೆ. ಆಮೇಲೆ ಆಟದ ಅರ್ಧದಷ್ಟು ನಾವೇ ಆ್ಯಬಿಯಾಗಿ ಬದುಕಬೇಕು, ಅವಳ ತಂದೆಯನ್ನು ಕೊಂದವನು ಅದೇ ಜೋಯಲ್ ಎಂದು ಅರಿಯಬೇಕು. ಕೊಲೆ ಅಳಿಸಿಹೋಗುವುದಿಲ್ಲ, ಕಾರಣವೂ ಸುಳ್ಳಾಗುವುದಿಲ್ಲ. ರನ್ನನ ಹೆಸರು ಕೇಳದವರೂ ಕಥೆಯ ಒತ್ತಡದಿಂದಲೇ ಅವನ ಅಳತೆಗೆ ಬಂದು ಮುಟ್ಟಿದ್ದಾರೆ. ಹಾಗಾಗಿ ಇದು ಕನ್ನಡದ ಹಳೆಯ ರುಚಿಯ ಮಾತಷ್ಟೇ ಅಲ್ಲ, ಕಥೆ ಹೇಳುವವರೆಲ್ಲ ಎದುರಿಸಬೇಕಾದ ಮಾತು.

ಬಿಜ್ಜಳನಿಗೆ ಕನಿಕರ ತೋರಿದರೆ ಹರಳಯ್ಯನಿಗೆ ದ್ರೋಹವಾಗದೇ ಎಂದು ಕೇಳುವವರಿದ್ದಾರೆ. ಆ ಭಯ ನ್ಯಾಯವಾದದ್ದು. ಬಾಗೇವಾಡಿ, ತಂಗಡಗಿಗಳಲ್ಲಿ ಈ ಕಥೆ ಪುಸ್ತಕದ ಕಥೆಯಲ್ಲ, ನಡೆದುಕೊಳ್ಳುವ ನಂಬಿಕೆ. ಆದರೆ ದ್ರೋಹವಾಗುವುದು ಅಪರಾಧವನ್ನು ಒರೆಸಿದಾಗ, ಅಪರಾಧಿಯನ್ನು ಅರಿತಾಗ ಅಲ್ಲ. ಕೊಂದವನು ರಕ್ಕಸನಾಗಿದ್ದರೆ ಹರಳಯ್ಯನ ಸಾವು ದುರದೃಷ್ಟ. ಕೊಂದವನು ಜಾತಿಯ ಅವಮಾನ ಉಂಡವನಾಗಿ, ಬಸವಣ್ಣನ ಗೆಳೆತನದಲ್ಲಿ ತಂಪು ಕಂಡವನಾಗಿ, ಆ ಮದುವೆಯಲ್ಲಿ ತನ್ನದೇ ಬಿಡುಗಡೆಯನ್ನು ಗುರುತಿಸಬಲ್ಲವನಾಗಿದ್ದೂ ಸಿಂಹಾಸನ ಉಳಿಸಿಕೊಳ್ಳಲು ಆಜ್ಞೆ ಕೊಟ್ಟಿದ್ದರೆ, ಆ ಸಾವು ಅನ್ಯಾಯ. ಬಿಜ್ಜಳ ದೊಡ್ಡವನಾದಷ್ಟೂ ಅವನ ಪಾಪ ದೊಡ್ಡದಾಗುತ್ತದೆ.

ಅಂಥ ಬಿಜ್ಜಳನನ್ನು ಯಾರೂ ಇನ್ನೂ ಬರೆದಿಲ್ಲ. ಪುರಾಣದಿಂದ ಆಜ್ಞೆಯನ್ನು, ಹರಿಹರನಿಂದ ತೂಗಾಟವನ್ನು, ಕಾರ್ನಾಡರಿಂದ ಉರಿಯನ್ನು ತೆಗೆದುಕೊಂಡು, ಮೂರನ್ನೂ ಒಬ್ಬನೇ ಮನುಷ್ಯನಲ್ಲಿ ಕೂಡಿಸುವ ನಾಟಕ, ಕಾದಂಬರಿ, ಬೇಕಾದರೆ ಗೇಮ್, ನಮಗೆ ಬೇಕು. ಅದರಲ್ಲಿ ಮಧುವರಸನ ಮನೆಯೂ ಹರಳಯ್ಯನ ಮನೆಯೂ ಹೆಸರಿಗಷ್ಟೇ ಬಂದು ಹೋಗದೆ, ಮಾತಾಡುವ, ಮದುವೆಗೆ ಸಡಗರ ಪಡುವ, ಭಯಪಡುವ ಮನೆಗಳಾಗಿರಬೇಕು. ಆಜ್ಞೆ ಬಿಜ್ಜಳನ ಬಾಯಿಂದಲೇ ಬರಬೇಕು. ಅದನ್ನು ಹೇಳುವ ಮುನ್ನ ತನ್ನ ಮುಂದೆ ಇನ್ನೊಂದು ದಾರಿ ಇದೆಯೆಂಬುದನ್ನು ಅವನೂ ನಾವೂ ಒಟ್ಟಿಗೆ ಕಾಣಬೇಕು. ಇಂಡಿ ಸೀಮೆಯ ದೊರೆಯನ್ನು ಹೀಗೆ ಪೂರ್ತಿ ಮನುಷ್ಯನನ್ನಾಗಿ ಕಂಡಾಗಲೇ ಬಾಗೇವಾಡಿಯ ಬಸವಣ್ಣ ಎದುರಿಸಿದ್ದು ಎಂಥ ಶಕ್ತಿಯನ್ನು ಎಂಬುದು ನಮಗೆ ಪೂರ್ತಿ ತಿಳಿದೀತು.